ಬ್ರೂಟಸ್ ಎದ್ದು ಹೋದ ಆ ಘಳಿಗೆ

ರಾತ್ರಿ ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದ 3ನೇ ಅಂಕ ಮತ್ತೆ ಓದ್ದೆ, ನಿದ್ದೆನೇ ಬರ್ಲಿಲ್ಲ. ಸೀಸರನ್ನ ಕೊಂದವರಲ್ಲೊಬ್ಬನಾದ ಬ್ರೂಟಸ್ ರೋಮಿನ ಜನರ ಮುಂದೆ ಗದ್ಯದಲ್ಲಿ ಲೆಕ್ಕ ಒಪ್ಪಿಸೋ ಹಾಗೆ ಮಾತಾಡ್ತಾನೆ, ಸೀಸರ್ ಮೇಲೆ ಪ್ರೀತಿ ಕಮ್ಮಿ ಅಂತಲ್ಲ ರೋಮ್ ಮೇಲೆ ಜಾಸ್ತಿ ಅಂತಾನೆ, ಜನ ಒಪ್ಕೋತಾರೆ. ಆಮೇಲೆ ಸೀಸರನ ಗೆಳೆಯ ಆಂಟನಿ ಬರ್ತಾನೆ ನೋಡಿ, ಪದ್ಯದಲ್ಲಿ, ಬ್ರೂಟಸ್ ಮಾನವಂತ ಬ್ರೂಟಸ್ ಮಾನವಂತ ಅಂತ ಹೇಳ್ತಾ ಹೇಳ್ತಾನೇ ಆ ಪದದ ಅರ್ಥನೇ ತಿರುಗಿಸಿಬಿಡ್ತಾನೆ, ಸೀಸರನ ಉಯಿಲು ತೋರ್ಸಿ ಓದಲ್ಲ ಅಂತಾನೆ, ಸೀಸರನ ಹರಿದ ಹೊದಿಕೆ ಹಿಡಿದು ಇಲ್ಲಿ ಕ್ಯಾಸಿಯಸ್ ಇರಿದ ಇಲ್ಲಿ ಕಾಸ್ಕಾ ಇರಿದ ಅಂತ ಒಂದೊಂದೇ ತೋರಿಸ್ತಾನೆ, ಕೊನೆಗೆ ಉಯಿಲಿನಲ್ಲಿ ಜನರಿಗೆ ತಲೆಗೆ 75 ದ್ರಾಕ್ಮಾ ನಾಣ್ಯ ಬಿಟ್ಟಿದ್ದಾನೆ ಅಂತ ಓದಿದ ಮೇಲಂತೂ ಜನಾನ ಹಿಡಿಯೋರೇ ಇಲ್ಲ. ನಂಗೆ ಮಾತ್ರ ಬ್ರೂಟಸ್ ನೆನೆಸ್ಕೊಂಡೇ ಸಂಕಟ. ಆಂಟನಿ ಮಾತು ಕೇಳ್ಕೊಂಡೇ ಹೋಗಿ ಅಂತ ಜನರಿಗೆ ಹೇಳಿ, ತಾನೊಬ್ಬನೇ ಎದ್ದು ಹೋಗ್ಬಿಟ್ನಲ್ಲ.