ಕಿಲೋಮೀಟರಲ್ಲ, ಗಾಳಿ ನೋಡಿ ಹೊರಡಿ: ಹುಬ್ಬಳ್ಳಿಯಿಂದ ಗದಗ ಸೀಮೆಗೆ ಮೂರು ದಿನದ ಸೈಕಲ್ ಸುತ್ತು

ಹುಬ್ಬಳ್ಳಿಯಿಂದ ಹೊರಟು ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳಗಳನ್ನು ನೋಡಿಕೊಂಡು, ಮಾಗಡಿ ಕೆರೆ, ಲಕ್ಷ್ಮೇಶ್ವರ, ಕುಂದಗೋಳದ ಮೇಲೆ ಹಾಯ್ದು ಮನೆಗೆ ಮರಳುವ ಸುತ್ತನ್ನು ನಾನು ಎರಡು ಸಲ ಸೈಕಲ್ಲಿನಲ್ಲಿ ಮಾಡಿದ್ದೇನೆ. ಮೊದಲನೆಯ ಸಲ ನಕಾಶೆ ಮುಂದಿಟ್ಟುಕೊಂಡು ಕಿಲೋಮೀಟರ್ ಎಣಿಸಿದೆ. ಘಟ್ಟವಿಲ್ಲ, ಹೇಳಿಕೊಳ್ಳುವಂಥ ಏರಿಲ್ಲ, ಗದಗಿಗೆ 58 ಕಿಲೋಮೀಟರ್ ಏನು ಮಹಾ ಎಂದುಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟೆ. ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಮೂಡಗಾಳಿ ಎದೆಗೆ ಬಡಿಯತೊಡಗಿತ್ತು, ತುಳಿದಷ್ಟೂ ರಸ್ತೆ ಉದ್ದವಾಗುತ್ತಿತ್ತು. ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, "ಗಾಳಿ ಏಳೂದ್ರಾಗ ಗದಗ ಮುಟ್ಟಬೇಕಿತ್ತೋ ತಮ್ಮಾ" ಎಂದರು. ಎರಡನೆಯ ಸಲದ ಯೋಜನೆಯನ್ನೆಲ್ಲ ಆ ಒಂದು ಮಾತಿನ ಮೇಲೆಯೇ ಕಟ್ಟಿದೆ, ಇಲ್ಲಿ ಬರೆಯುತ್ತಿರುವುದೂ ಹೆಚ್ಚಾಗಿ ಅದನ್ನೇ.

ಈ ಸೀಮೆ ಬಯಲು ಸೀಮೆ. ಎರೆ ಹೊಲಗಳು ಕಣ್ಣಿಗೆ ಕಾಣುವವರೆಗೂ ಹಾಸಿಕೊಂಡಿವೆ, ಗಾಳಿಗೆ ಅಡ್ಡ ನಿಲ್ಲುವ ಗುಡ್ಡವಾಗಲಿ ತೋಪಾಗಲಿ ದಾರಿಯ ಬಹುಭಾಗದಲ್ಲಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರಾಗಿರುವುದರಿಂದ ಗದಗಿಗೆ ಹೋಗುವಾಗ ಅದು ಬೆನ್ನಿಗೆ ನಿಂತು ನೂಕುತ್ತದೆ, ಮರಳುವಾಗ ಅಷ್ಟನ್ನೂ ಬಡ್ಡಿಸಮೇತ ವಸೂಲು ಮಾಡುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಲೆಕ್ಕ ತಿರುಗಿ, ಹೋಗುವ ದಿನ ಗಾಳಿ ಎದುರು, ಬರುವ ದಿನ ಅನುಕೂಲ. ಮಾಗಡಿ ಕೆರೆಗೆ ಹಕ್ಕಿಗಳು ಬರುವುದೂ ಚಳಿಗಾಲದಲ್ಲೇ ಆದ್ದರಿಂದ ನನ್ನ ಸಲಹೆ ಡಿಸೆಂಬರ್ ಅಥವಾ ಜನವರಿ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿಯುವ ಆಸೆ ಬೇಡ. ಎರೆಮಣ್ಣು ಹತ್ತು ಹೆಜ್ಜೆಯೊಳಗೆ ಟೈರಿಗೂ ಬ್ರೇಕಿಗೂ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ, ಕಡ್ಡಿಯಿಂದ ಕೆರೆದರೂ ಬಿಡುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಐದು, ತಪ್ಪಿದರೆ ಐದೂವರೆಗೆ ಹುಬ್ಬಳ್ಳಿ ಬಿಡಬೇಕು. ಆಗ ಗಾಳಿ ಮಲಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆಯೇ ಅದು ಏಳುವುದು. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ, ಆದ್ದರಿಂದ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿಯ ಜಾಕೀಟು ಇಲ್ಲದೆ ಹೊರಡಬೇಡಿ. ರಾಷ್ಟ್ರೀಯ ಹೆದ್ದಾರಿ 67ರ ಮೇಲೆ ಲಾರಿಗಳ ಓಡಾಟ ರಾತ್ರಿಯೂ ನಿಲ್ಲುವುದಿಲ್ಲ. ರಸ್ತೆಯ ಅಂಚಿನ ಬಿಳಿಗೆರೆಯ ಎಡಗಡೆ ಹಿಡಿದು ಸಾಗಿದರೆ ಆತಂಕವಿಲ್ಲ. ಆದರೆ ಊರುಗಳ ಹತ್ತಿರ ತಪ್ಪು ದಿಕ್ಕಿನಿಂದ ದೀಪವಿಲ್ಲದೆ ಬರುವ ಬೈಕುಗಳ ಮೇಲೆ ಕಣ್ಣಿರಲಿ.

ಸುಮಾರು 35 ಕಿಲೋಮೀಟರಿಗೆ ಅಣ್ಣಿಗೇರಿ ಬರುತ್ತದೆ. ಆದಿಕವಿ ಪಂಪ ಹುಟ್ಟಿದ ಊರೆಂದು ಇದಕ್ಕೆ ಹೆಸರು. ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನಿಗೆ ಇದು ರಾಜಧಾನಿಯೂ ಆಗಿತ್ತು. ಅಮೃತೇಶ್ವರ ಗುಡಿ ಹನ್ನೊಂದನೆಯ ಶತಮಾನದ್ದು. ಕಂಬಗಳ ಸಾಲಿನ ನಡುವೆ ಅರ್ಧ ಗಂಟೆ ಕಳೆದು, ಉಪ್ಪಿಟ್ಟು ತಿಂದು, ಎಂಟರೊಳಗೆ ಮತ್ತೆ ಸೈಕಲ್ ಹತ್ತಿ. ಮುಂದೆ ಹುಲಕೋಟಿ ದಾಟಿದರೆ ಗದಗ. ಚೀಲವನ್ನು ವಸತಿಗೃಹದಲ್ಲಿಟ್ಟು ಹಗುರಾಗಿ ಲಕ್ಕುಂಡಿಗೆ ಹೋಗಿ. ಅದು ಇನ್ನು 12 ಕಿಲೋಮೀಟರ್.

ಮೊದಲ ಸಲ ಕಲಿತ ಇನ್ನೊಂದು ಪಾಠ ಇದೇ ಲಕ್ಕುಂಡಿಯದು. ನಾವು ಸಾಮಾನ್ಯವಾಗಿ ತಂಪು ಹೊತ್ತಿನಲ್ಲಿ ಗುಡಿ ನೋಡಿ, ಬಿಸಿಲಿನಲ್ಲಿ ಮುಂದಿನ ಊರಿಗೆ ಓಡುತ್ತೇವೆ. ಸೈಕಲ್ಲಿನವರು ಇದನ್ನು ತಿರುವಿಹಾಕಬೇಕು. ದಾರಿಯಲ್ಲಿ ನೆರಳಿಲ್ಲ, ನೆರಳಿರುವುದು ಗುಡಿಯೊಳಗೆ. ಆದ್ದರಿಂದ ಹನ್ನೊಂದರಿಂದ ಮೂರೂವರೆಯವರೆಗಿನ ಹೊತ್ತು ಗುಡಿಗಳಿಗೇ ಮೀಸಲಿರಲಿ. ನೂರೊಂದು ಗುಡಿ, ನೂರೊಂದು ಬಾವಿಯ ಊರೆಂದು ಜನ ಹೇಳುವ ಲಕ್ಕುಂಡಿಗೆ ಆ ನಾಲ್ಕೂವರೆ ಗಂಟೆಯೂ ಸಾಲದು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಕಾಲಿಟ್ಟರೆ, ಹೊರಗೆ ಕಾದ ಹಂಚಿನಂತಿದ್ದ ಮೈ ಐದು ನಿಮಿಷದಲ್ಲಿ ತಣ್ಣಗಾಗುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದ ತಾಯಿ ಈಕೆ.

ಕಾಶಿವಿಶ್ವನಾಥ ಗುಡಿಯಲ್ಲಿ ಬಾಗಿಲವಾಡದ ಮುಂದೆ ಕುಳಿತು ನೋಡಿ, ನಿಂತು ನೋಡಿದರೆ ತಪ್ಪಿಹೋಗುತ್ತದೆ. ಬಳ್ಳಿಯ ಪಟ್ಟಿಯೊಂದರ ಸುರುಳಿಯನ್ನು ಬುಡದಿಂದ ಬೆರಳಾಡಿಸಿದಂತೆ ಕಣ್ಣಾಡಿಸುತ್ತ ಮೇಲೆ ಹೋದರೆ, ಬಳಪದ ಕಲ್ಲು ಎಷ್ಟು ಮೃದುವಾಗಿ ಉಳಿಗೆ ಒಲಿದಿದೆ ಎಂಬುದು ತಿಳಿಯುತ್ತದೆ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಮೆಟ್ಟಿಲಿಳಿಯುವಾಗ ಮಾತ್ರ ಸೈಕಲ್ ಬೂಟು ಕಳಚಿಬಿಡಿ. ತಳಕ್ಕೆ ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ಗಟ್ಟಿ ತುಣುಕು, ಇರುವ ಬೂಟು ನುಣುಪು ಕಲ್ಲಿನ ಮೇಲೆ ಜಾರುತ್ತದೆ, ಮೇಲಾಗಿ ಕಲ್ಲಿಗೂ ಗೀರು ಬೀಳುತ್ತದೆ. ಒಂದು ಜೊತೆ ಹವಾಯಿ ಚಪ್ಪಲಿ ಚೀಲದಲ್ಲಿದ್ದರೆ ಮೂರೂ ದಿನ ಉಪಯೋಗಕ್ಕೆ ಬರುತ್ತದೆ. ಇಳಿಹೊತ್ತಿನಲ್ಲಿ ಗದಗಿಗೆ ಮರಳುವಾಗ ಗಾಳಿ ಬೆನ್ನಿಗಿರುತ್ತದೆ.

ಎರಡನೆಯ ದಿನ ಸುಲಭದ್ದು. ಮುಂಡರಗಿ ರಸ್ತೆಯಲ್ಲಿ ಡಂಬಳಕ್ಕೆ ಹೋಗಿ ಬಂದರೆ ಒಟ್ಟು 42 ಕಿಲೋಮೀಟರ್. ಇಲ್ಲಿ ದಿಗಂತದಲ್ಲಿ ಕಪ್ಪತಗುಡ್ಡದ ಸಾಲು ಜೊತೆಗೆ ಬರುತ್ತದೆ, ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು. ಸೈಕಲ್ಲಿನವರಿಗೆ ಅವು ಬರೀ ನೋಟವಲ್ಲ, ಪಂಚಾಂಗವಿದ್ದಂತೆ: ಯಂತ್ರದ ಮುಖ ಯಾವ ಕಡೆಗಿದೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ. ನಾನು ಮೊಬೈಲಿನ ಹವಾಮಾನ ನೋಡುವುದನ್ನು ಬಿಟ್ಟು ಅವುಗಳನ್ನೇ ನಂಬಿದೆ, ಅವು ಕೈಕೊಡಲಿಲ್ಲ.

ಡಂಬಳದ ದೊಡ್ಡಬಸಪ್ಪನ ಗುಡಿಗಾಗಿ ಇಡೀ ಪ್ರವಾಸ ಮಾಡಿದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಗರ್ಭಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಹೊರಗೋಡೆ ಎಲ್ಲಿಯೂ ನೇರವಾಗಿ ಓಡದೆ ಮಡಿಕೆ ಮಡಿಕೆಯಾಗಿ ತಿರುಗುವುದರಿಂದ, ಓರೆಬಿಸಿಲು ಬಿದ್ದಾಗ ಒಂದು ಮೂಲೆ ಬೆಳಗಿ ಪಕ್ಕದ್ದು ಕಪ್ಪಾಗಿ, ಸೀರೆಯ ನಿರಿಗೆ ಹಿಡಿದಂತೆ ಕಾಣುತ್ತದೆ. ಇದೊಂದು ಗುಡಿಯನ್ನು ಮಾತ್ರ ನಡುಹಗಲಿಗೆ ಬಿಡಬೇಡಿ, ಎಂಟು ಒಂಬತ್ತರ ಬಿಸಿಲಿನಲ್ಲಿ ಸುತ್ತುಹಾಕಿ. ಬೌದ್ಧರ ತಾರಾದೇವಿಯನ್ನು ಸ್ತುತಿಸುವ 1095ರ ಶಾಸನ ದೊರೆತಿರುವುದೂ ಇದೇ ಊರಿನಲ್ಲಿ. ಕೆರೆ ದೊಡ್ಡದಿದೆ, ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ನಡೆದು, ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಲು ಒಳ್ಳೆಯ ಜಾಗ. ಮಧ್ಯಾಹ್ನ ಗದಗಿನ ತ್ರಿಕೂಟೇಶ್ವರಕ್ಕೂ, ಕುಮಾರವ್ಯಾಸ ಭಾರತ ಬರೆದನೆಂದು ಹೇಳುವ ವೀರನಾರಾಯಣ ಗುಡಿಗೂ ಸಾಕಷ್ಟು ಹೊತ್ತು ಸಿಗುತ್ತದೆ.

ಮೂರನೆಯ ದಿನ 90 ಕಿಲೋಮೀಟರ್ ಆಸುಪಾಸು, ಮೂರರಲ್ಲಿ ಎಲ್ಲಕ್ಕಿಂತ ಚೆಲುವಾದದ್ದು. ಲಕ್ಷ್ಮೇಶ್ವರದ ದಾರಿಯಲ್ಲಿ 26 ಕಿಲೋಮೀಟರಿಗೆ ಮಾಗಡಿ ಕೆರೆ. ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಈ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಇವು ರಾತ್ರಿ ಮತ್ತು ನಸುಕಿನಲ್ಲಿ ಹೊಲಗಳಿಗೆ ಹೋಗಿ ಮೇಯ್ದು, ಬಿಸಿಲೇರುವಾಗ ನೀರಿಗೆ ಮರಳುತ್ತವೆ. ಹೀಗಾಗಿ ನಸುಕಿನಲ್ಲೇ ಹೋಗಿ ಬರಿಯ ನೀರು ನೋಡಿ ಬೇಸರಪಡುವುದಕ್ಕಿಂತ, ಗದಗಿನಿಂದ ಆರೂಕಾಲಿಗೆ ಹೊರಟು ಎಂಟರ ಹೊತ್ತಿಗೆ ಏರಿಯ ಮೇಲಿರುವುದು ಲೇಸು. ಸೈಕಲ್ಲನ್ನು ದೂರ ಮಲಗಿಸಿ ಸುಮ್ಮನೆ ಕುಳಿತಿದ್ದೆ. ಮೊದಲು ಕೇಳಿಸಿದ್ದು ದನಿ, ಆಮೇಲೆ ಕಡಲೆ ಹೊಲಗಳ ಮೇಲಿನಿಂದ ಸಾಲುಸಾಲಾಗಿ ಬಂದು, ಕಾಲು ಮುಂದೆ ಚಾಚಿ ನೀರು ಸೀಳುತ್ತ ಇಳಿದವು. ಬೆಳ್ಳನೆಯ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ, ದುರ್ಬೀನಿದ್ದರೆ ಎಣಿಸಬಹುದು. ದುರ್ಬೀನು ಭಾರವೆಂದು ಬಿಟ್ಟುಬರಬೇಡಿ.

ಮುಂದಿನ 11 ಕಿಲೋಮೀಟರಿಗೆ ಲಕ್ಷ್ಮೇಶ್ವರ. ಕವಿರಾಜಮಾರ್ಗ ಕನ್ನಡದ ತಿರುಳೆಂದು ಹೆಸರಿಸುವ ಪುಲಿಗೆರೆ ಇದೇ. ಸೋಮೇಶ್ವರ ಗುಡಿ, ಶಂಖ ಬಸದಿಗಳಲ್ಲಿ ಬಿಸಿಲು ಕಳೆದು, ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ. ಹೊಟ್ಟೆ ತುಂಬ ಉಂಡು ತಕ್ಷಣ ತುಳಿಯುವುದು ಆಗದ ಮಾತು, ಆದ್ದರಿಂದ ಊಟ ಮಧ್ಯಾಹ್ನ ಒಂದರೊಳಗೇ ಮುಗಿಯಲಿ.

ಲಕ್ಷ್ಮೇಶ್ವರದಿಂದ ಗುಡಗೇರಿ, ಕುಂದಗೋಳದ ಮೇಲೆ ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ವಾಹನ ಕಡಿಮೆ, ಉಪದ್ರವ ಬೇರೆ ಬಗೆಯದು. ಸುಗ್ಗಿಯ ಕಾಲದಲ್ಲಿ ರೈತರು ಗಾಡಿಗಳ ಚಕ್ರಕ್ಕೆ ಸಿಕ್ಕು ಒಕ್ಕಣೆಯಾಗಲೆಂದು ಬೆಳೆಯನ್ನು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಕಾರಿಗೆ ಅದು ಲೆಕ್ಕವಲ್ಲ, 28 ಮಿಲಿಮೀಟರಿನ ಟೈರು ಮಾತ್ರ ಒಣದಂಟಿನ ಮೇಲೆ ಸೋಪಿನ ಮೇಲಿಟ್ಟಂತೆ ಜಾರುತ್ತದೆ. ಇಳಿದು ತಳ್ಳುವುದೇ ಜಾಣತನ. ಇನ್ನೊಂದು ಜಾಲಿ ಮುಳ್ಳು. ಹೊಲದ ಬೇಲಿಗೆಂದು ಎಳೆದೊಯ್ದ ಟೊಂಗೆಗಳಿಂದ ಉದುರಿದ ಮುಳ್ಳು ರಸ್ತೆಯ ಅಂಚಿನಲ್ಲಿ, ಅಂದರೆ ನಾವು ಹೋಗುವಲ್ಲೇ ಬಿದ್ದಿರುತ್ತದೆ. ಮೊದಲ ಸಲ ನನಗೆ ಒಂದೇ ಮಧ್ಯಾಹ್ನ ಎರಡು ಪಂಕ್ಚರ್ ಆದವು. ಕೈಪಂಪು ಮನೆಯಲ್ಲಿ ಮರೆತಿದ್ದೆ. ಪಂಕ್ಚರ್ ಅಂಗಡಿಯವನು ಟ್ಯೂಬಿನ ಪ್ರೆಸ್ಟಾ ಎಂಬ ಸಣ್ಣ ಮೂತಿಯ ವಾಲ್ವ್ ತಿರುತಿರುಗಿಸಿ ನೋಡಿ, "ಇದಕ ನಮ್ಮ ಪಂಪ್ ಹತ್ತಂಗಿಲ್ರಿ ಸರ, ಇದರ ಮೂತಿನ ಬ್ಯಾರೆ ಐತಿ" ಎಂದು ಕೈಚೆಲ್ಲಿದ. ಕಡೆಗೆ ಸೈಕಲ್ ಎತ್ತಿಕೊಂಡು ಗೂಡ್ಸ್ ಆಟೋ ಹತ್ತಬೇಕಾಯಿತು. ಪ್ರೆಸ್ಟಾವನ್ನು ಮಾಮೂಲಿ ವಾಲ್ವಾಗಿಸುವ ಹಿತ್ತಾಳೆಯ ಅಡಾಪ್ಟರ್ ಕಡಲೆಕಾಳಿನಷ್ಟು ದೊಡ್ಡದು, ಬೆಲೆಯೂ ಹೆಚ್ಚಲ್ಲ. ಈಗ ಅದನ್ನು ಕೀಲಿಗೊಂಚಲಿಗೇ ಪೋಣಿಸಿಟ್ಟಿದ್ದೇನೆ. ಅದರ ಜೊತೆಗೆ ಎರಡು ಹೊಸ ಟ್ಯೂಬು, ಟೈರ್ ಬಿಚ್ಚುವ ಲಿವರ್, ಕೈಪಂಪು, ಎರಡು ಲೀಟರ್ ನೀರು ಇಷ್ಟಿರಲಿ. ಮುಳ್ಳು ಕಿತ್ತ ಮೇಲೆ ಟೈರಿನ ಒಳಮೈ ಮೇಲೆ ಬೆರಳಾಡಿಸಿ ಮುರಿದ ತುದಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡೇ ಹೊಸ ಟ್ಯೂಬು ಹಾಕಿ. ನನ್ನ ಎರಡನೆಯ ಪಂಕ್ಚರ್ ಆದದ್ದು ಮೊದಲನೆಯ ಮುಳ್ಳಿನ ತುದಿಯಿಂದಲೇ.

ಕಾಲು ಸೋತರೆ ಗುಡಗೇರಿ, ಸಂಶಿ, ಕುಂದಗೋಳಗಳು ಹಾವೇರಿ–ಹುಬ್ಬಳ್ಳಿ ರೈಲುಮಾರ್ಗದ ಮೇಲೆಯೇ ಇವೆ. ಪ್ಯಾಸೆಂಜರ್ ಗಾಡಿಗಳ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಸೈಕಲ್ ಒಯ್ಯುವ ಬಗ್ಗೆ ನಿಲ್ದಾಣದಲ್ಲಿ ಕೇಳಿ. ಕುಂದಗೋಳ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ಶಂಭುಲಿಂಗ ಗುಡಿಯ ಮುಂದೆ ಸೈಕಲ್ ನಿಲ್ಲಿಸಿ ಒಂದು ಪ್ಲೇಟು ಗಿರ್ಮಿಟ್ಟು, ಒಂದು ಚಹಾ ಮುಗಿಸಿದರೂ ನಾಲ್ಕೂವರೆಗೆ ಅಲ್ಲಿಂದ ಹೊರಡಿ. ಹುಬ್ಬಳ್ಳಿ ಇನ್ನು 20 ಕಿಲೋಮೀಟರ್. ಇಳಿಹೊತ್ತಿನ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ, ಹಿಂದಿನಿಂದ ಬರುವ ಚಾಲಕನಿಗೂ ಅದೇ ಗತಿ. ಹಗಲಿದ್ದರೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.