ಮರುಭೂಮಿ ಸರೋವರಕ್ಕೆ ಕಪ್ಪು ದೋಣಿಯೇ?
ಅಮೆರಿಕದ ಅರಿಜೋನಾದಲ್ಲಿ ಹವಾಸು ಸರೋವರದ ದಡದ ಲೇಕ್ ಹವಾಸು ಸಿಟಿ: 1994ರ ಜೂನ್ 29ರಂದು 53 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಊರು. ಶೋರೂಮಿನಲ್ಲಿ ಕಪ್ಪು, ಕಡುನೀಲಿ ದೋಣಿ ಮಿಂಚುತ್ತದೆ, ನಿಜ. ಆದರೆ ಆ ಬಿಸಿಲಲ್ಲಿ ಟ್ರೇಲರ್ ಮೇಲೆ ನಿಂತರೆ ಅದರ ಮೈ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಒಳಗೆ ಗಾಜಿನ ನಾರಿನ (ಫೈಬರ್) ಬಟ್ಟೆಯನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು ಮೆತ್ತಗಾಗಿ, ಮತ್ತೆ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಆಗ ಫೈಬರ್‌ನ ನೇಯ್ಗೆ ಜೆಲ್‌ಕೋಟ್ ಎಂಬ ಹೊರಗಿನ ಬಣ್ಣದ ಪದರದ ಮೇಲೆ ಅಚ್ಚೊತ್ತಿದಂತೆ ಕಾಣುತ್ತದೆ. ಪಾಲಿಶ್ ಹೊಡೆದರೂ ಅದು ಪೂರ್ತಿ ಹೋಗದು. ಜೆಲ್‌ಕೋಟ್ ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು, ಉಜ್ಜುವುದಾದರೂ ಎಷ್ಟು?

ಇನ್ನು ಈ ಸರೋವರ ತುಂಬುವ ಕೊಲೊರಾಡೋ ನದಿಯ ಗಡಸು ನೀರು. ಹನಿ ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಚುಕ್ಕೆ. ಬಿಳಿ ದೋಣಿಯಲ್ಲಿ ಕಣ್ಣಿಗೆ ಬೀಳದು, ಕಪ್ಪಿನಲ್ಲಿ ರಂಗೋಲಿ! ನೀರಿನಿಂದ ಎತ್ತಿದ ಕೂಡಲೇ ಒರೆಸಬೇಕು. ಉಳಿದ ಕಲೆಗೆ ಸಮಪಾಲು ವಿನೆಗರ್, ನೀರು. ಅದು ವ್ಯಾಕ್ಸನ್ನೂ ಕೀಳುವುದರಿಂದ ಮತ್ತೆ ವ್ಯಾಕ್ಸ್ ಹಚ್ಚಬೇಕು.

ಹಾಗಂತ ಡೆಕ್ಕಿಗೆ ಅಚ್ಚ ಬಿಳಿ ಬೇಡ, ಕಣ್ಣು ಕೋರೈಸುತ್ತದೆ. ಅಲ್ಲಿ ಕೆನೆ ಅಥವಾ ತಿಳಿಬೂದಿ, ಮೈಗೆ ಬಿಳಿ. ಕಪ್ಪಿನ ಆಸೆ ಬಿಡದಿದ್ದರೆ ಒಂದು ತೆಳು ಪಟ್ಟಿ ಸಾಕು. ಮರಳುಗಾಡಿನವರು ಮನೆಗೆ ಸುಣ್ಣ ಬಳಿಯುವುದೂ ಇದೇ ಲೆಕ್ಕದಲ್ಲೇ ಅಲ್ಲವೇ?