ಬ್ಲಾಕ್ ಒತ್ತುವ ಮೊದಲು

ಆನ್‌ಲೈನಿನಲ್ಲಿ ಯಾರೋ ಕಾಡುತ್ತಿದ್ದಾರೆಂದು ಮಗು ಅಳುತ್ತಾ ಫೋನ್ ತೋರಿಸಿದರೆ ದೊಡ್ಡವರ ಬೆರಳು ಮೊದಲು ಹೋಗುವುದು ಬ್ಲಾಕ್ ಬಟನ್ ಮೇಲೆ. ಆಮೇಲೆ ಚಾಟ್ ಡಿಲೀಟ್. ಆಮೇಲೆ ಫೋನೇ ಬೀರುವಿನೊಳಗೆ. ಉದ್ದೇಶ ಒಳ್ಳೆಯದೇ, ಸರದಿ ಮಾತ್ರ ತಲೆಕೆಳಗು: ಪುರಾವೆ ಅಳಿಸಿಹೋಗಿರುತ್ತದೆ, ಎದುರಿನವರು ಎಚ್ಚೆತ್ತಿರುತ್ತಾರೆ. ಹೇಳಿಕೊಂಡಿದ್ದಕ್ಕೆ ಫೋನ್ ಹೋಯಿತು ಎಂದು ಕಂಡ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಮಕ್ಕಳ ಜಗಳವೆಲ್ಲ ಕಿರುಕುಳವಲ್ಲ. ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಏರುಪೇರು. ಆನ್‌ಲೈನಿನಲ್ಲಿ ಎರಡನೆಯದು ಸ್ವಲ್ಪ ಬದಲಾಗುತ್ತದೆ. ಒಬ್ಬ ಒಂದೇ ಸಲ ಹಾಕಿದ ಫೋಟೊವನ್ನು ನಲವತ್ತು ಜನ ಫಾರ್ವರ್ಡ್ ಮಾಡಿದರೆ, ಅನುಭವಿಸುವವರಿಗೆ ಅದು ನಲವತ್ತು ಸಲ ನಡೆದ ಹಾಗೆಯೇ. ಬಲ ಅಂದರೂ ಮೈಬಲವಲ್ಲ. ಗ್ರೂಪಿನ ಅಡ್ಮಿನ್ ಯಾರು, ಯಾರ ಹತ್ತಿರ ಯಾರ ಫೋಟೊ ಇದೆ, ಯಾರು ನಕ್ಕರೆ ಉಳಿದವರೂ ನಗುತ್ತಾರೆ ಎಂಬುದೇ ಇಲ್ಲಿ ಬಲ. ಬೈಗುಳವೇ ಬೇಕೆಂದಿಲ್ಲ. ಒಬ್ಬಳನ್ನು ಬಿಟ್ಟು ಇಡೀ ಕ್ಲಾಸಿಗೆ ಇನ್ನೊಂದು ಗ್ರೂಪ್, ಒಬ್ಬನ ಮುಖದ ಸ್ಟಿಕ್ಕರ್, ಅವನ ಹೆಸರಲ್ಲೊಂದು ಫೇಕ್ ಅಕೌಂಟ್, ಇಷ್ಟು ಸಾಕು.

ಪ್ರೀತಿಯ ಹೆಸರಲ್ಲಿ ನಡೆಯುವುದನ್ನು ಗುರುತಿಸುವುದು ಇನ್ನೂ ಕಷ್ಟ, ಏಕೆಂದರೆ ಬಿಡಿ ಮೆಸೇಜಿನಲ್ಲಿ ತಪ್ಪೇ ಕಾಣುವುದಿಲ್ಲ. ರಾತ್ರಿ 11:42ಕ್ಕೆ, ‘ಆನ್‌ಲೈನ್ ಇದ್ದೀಯಲ್ಲ, ರಿಪ್ಲೈ ಯಾಕಿಲ್ಲ?’ 11:43ಕ್ಕೆ, ‘ಯಾರ ಜೊತೆ? ಸ್ಕ್ರೀನ್‌ಶಾಟ್ ಕಳ್ಸು.’ ಆಮೇಲೆ ನಾಲ್ಕು ಮಿಸ್ಡ್ ಕಾಲ್. 12:10ಕ್ಕೆ, ‘ಸಾರಿ ಕಣೆ, ನಿನ್ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ.’ ಮರುದಿನ ಪಾಸ್‌ವರ್ಡ್, ಅದರ ಮರುವಾರ ಲೈವ್ ಲೊಕೇಶನ್. ಬಿಟ್ಟುಹೋಗುತ್ತೇನೆ ಅಂದರೆ ‘ಸತ್ತೋಗ್ತೀನಿ’, ಇಲ್ಲವೇ ‘ಫೋಟೊ ಎಲ್ಲರಿಗೂ ಕಳಿಸ್ತೀನಿ’. ಹುಡುಗರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ‘ಗಂಡಸಾಗಿ ಇದೇನು’ ಎಂಬ ಮಾತಿಗೆ ಹೆದರಿ ಹೇಳಿಕೊಳ್ಳುವುದು ಕಡಿಮೆ. ಹಾಗಾಗಿ ಮೆಸೇಜಿಗಿಂತ ಮಗುವಿನ ನಡವಳಿಕೆ ನೋಡಿ: ಹಳೆಯ ಗೆಳೆಯರು ಒಬ್ಬೊಬ್ಬರಾಗಿ ದೂರವಾಗಿದ್ದಾರಾ? ಚಾರ್ಜ್ ಹತ್ತು ಪರ್ಸೆಂಟಿಗೆ ಇಳಿದರೆ ಗಾಬರಿ ಬೀಳುತ್ತದಾ? ಉತ್ತರ ತಡವಾದರೆ ಏನಾಗುತ್ತದೆ ಎಂದು ಗೊತ್ತಿರುವವರ ಗಾಬರಿ ಅದು.

ಈಗ ಪುರಾವೆಯ ವಿಷಯ. ಬೈದ ಸಾಲನ್ನಷ್ಟೇ ಕತ್ತರಿಸಿ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಹಿಂದುಮುಂದಿನ ಮಾತು, ತಾರೀಖು, ಸಮಯ ಎಲ್ಲ ಕಾಣಬೇಕು. ಪ್ರೊಫೈಲ್ ತೆರೆದು ಯೂಸರ್‌ನೇಮ್ ಅಥವಾ ನಂಬರ್ ಇರುವ ಸ್ಕ್ರೀನ್‌ಶಾಟ್ ಬೇರೆ ತೆಗೆಯಿರಿ. ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಒಂದು ಗಳಿಗೆಯಲ್ಲಿ ಬದಲಿಸಬಹುದು. ಪೋಸ್ಟ್ ಆಗಿದ್ದರೆ ಅದರ ಲಿಂಕ್ ಕೂಡ ಕಾಪಿ ಮಾಡಿಡಿ. ಸ್ನ್ಯಾಪ್‌ಚಾಟ್ ಚಾಟಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಎದುರಿನವರಿಗೆ ತಿಳಿಯುತ್ತದೆ, ಅಲ್ಲಿ ಇನ್ನೊಂದು ಫೋನಿನ ಕ್ಯಾಮೆರಾವೇ ಗತಿ. ಆಮೇಲೆ ರಿಪೋರ್ಟ್. ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾಡಿದರೆ ಆ ವ್ಯಕ್ತಿ ಕಳಿಸಿದ ಕೊನೆಯ 5 ಮೆಸೇಜ್ ಮಾತ್ರ ಕಂಪನಿಗೆ ಹೋಗುತ್ತವೆ, ಹಳೆಯದನ್ನು ಇಟ್ಟುಕೊಳ್ಳುವ ಜವಾಬ್ದಾರಿ ನಿಮ್ಮದೇ.

ಒಂದಕ್ಕೆ ಮಾತ್ರ ಈ ನಿಯಮವಿಲ್ಲ. 18 ತುಂಬದವರ ನಗ್ನ ಚಿತ್ರವನ್ನು ಪುರಾವೆಗೆಂದು ಸೇವ್ ಮಾಡುವುದಾಗಲಿ, ಟೀಚರಿಗೆ ಕಳಿಸುವುದಾಗಲಿ ಬೇಡ; ಅದೇ ಅಪರಾಧವಾಗುತ್ತದೆ. ಬೆದರಿಕೆಯ ಮಾತು, ಅಕೌಂಟ್, ಲಿಂಕ್ ಸಾಕು. ಚಿತ್ರ ಮಗುವಿನ ಫೋನಿನಲ್ಲೇ ಇದ್ದರೆ, ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಸಿಎಂಇಸಿ 2023ರಲ್ಲಿ ಶುರುಮಾಡಿದ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ, ಸೇವೆಗೆ ಸೇರಿದ ಕಂಪನಿಗಳು ಅದನ್ನು ಹಿಡಿದು ಚಿತ್ರವನ್ನು ಹುಡುಕುತ್ತವೆ. ಎನ್‌ಕ್ರಿಪ್ಟ್ ಆದ, ಅಂದರೆ ಕಂಪನಿಯೂ ಓದಲಾಗದ ಚಾಟಿನೊಳಗೆ ಇದು ನಡೆಯದು. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುತ್ತಾರೆ.

ಸಂಬಂಧದಿಂದ ಹೊರಬರುವಾಗ ಒಂದೇ ಏಟಿಗೆ ಎಲ್ಲ ಕಡಿದುಕೊಳ್ಳುವುದು ಅಪಾಯ, ಹಿಡಿತ ತಪ್ಪಿತೆಂದು ಗೊತ್ತಾದಾಗಲೇ ಹಿಂಸೆ ಏರುವುದು. ಮೊದಲು ಒಬ್ಬ ದೊಡ್ಡವರಿಗಾದರೂ ವಿಷಯ ಗೊತ್ತಿರಲಿ, ಶಾಲೆಗೆ ಹೋಗಿಬರುವ ದಾರಿಯಲ್ಲಿ ಜೊತೆ ಇರಲಿ. ಆಮೇಲೆ ಫೋನ್. ಇಮೇಲ್ ಪಾಸ್‌ವರ್ಡಿನಿಂದ ಶುರುಮಾಡಿ, ಉಳಿದೆಲ್ಲದರ ರೀಸೆಟ್ ಬರುವುದು ಅಲ್ಲಿಗೇ. ರಿಕವರಿ ನಂಬರ್ ಯಾರದಿದೆ ಎಂದೂ ನೋಡಿ. ಬಹಳ ಜನ ಮರೆಯುವುದು ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿ. ಎಂದೋ ಫೋನ್ ಇಸಿದುಕೊಂಡು ಕ್ಯೂಆರ್ ಸ್ಕ್ಯಾನ್ ಮಾಡಿದ್ದರೆ ಇಡೀ ಚಾಟ್ ಅವರ ಲ್ಯಾಪ್‌ಟಾಪಿನಲ್ಲೂ ತೆರೆದಿರುತ್ತದೆ. ಗೊತ್ತಿಲ್ಲದ ಡಿವೈಸ್ ಕಂಡರೆ ಅದರ ಸ್ಕ್ರೀನ್‌ಶಾಟ್ ತೆಗೆದು, ಲಾಗೌಟ್ ಮಾಡಿ. ಇನ್‌ಸ್ಟಾಗ್ರಾಂನಲ್ಲಿ ತಕ್ಷಣ ಬ್ಲಾಕ್ ಮಾಡಲು ಹೆದರಿಕೆಯಾದರೆ ರಿಸ್ಟ್ರಿಕ್ಟ್ ಇದೆ: ಅವರ ಮೆಸೇಜ್ ರಿಕ್ವೆಸ್ಟ್‌ಗೆ ಸರಿಯುತ್ತದೆ, ಓದಿದ್ದು ಅವರಿಗೆ ಕಾಣುವುದಿಲ್ಲ, ರಿಸ್ಟ್ರಿಕ್ಟ್ ಆಗಿದ್ದೇ ತಿಳಿಯುವುದಿಲ್ಲ.

ಶಾಲೆಗಳು ಮಾಡುವ ದೊಡ್ಡ ಎಡವಟ್ಟು ರಾಜಿ ಪಂಚಾಯ್ತಿ. ಇಬ್ಬರನ್ನೂ ಎದುರುಬದುರು ಕೂರಿಸಿ ‘ಕೈ ಕುಲುಕಿ’ ಅನ್ನುವುದು ಸಮಬಲರ ಜಗಳಕ್ಕೆ ಸರಿ. ಇಲ್ಲಿ ಬಲದ ಏರುಪೇರೇ ಕಾಯಿಲೆ. ಬೇರೆ ಬೇರೆ ಕೂರಿಸಿ ಕೇಳಬೇಕು, ಹೇಳಿದ್ದನ್ನು ಅವರದೇ ಮಾತಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳಬೇಕು, ಮುಂದೇನು ಮಾಡುತ್ತೇವೆಂದು ಮಗುವಿಗೆ ಮೊದಲೇ ತಿಳಿಸಬೇಕು. ‘ನೀನ್ಯಾಕೆ ಫೋಟೊ ಕಳಿಸಿದೆ?’ ಎಂಬ ಪ್ರಶ್ನೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಇನ್ಯಾರಿಗೆ ಗೊತ್ತು? ಈಗ ನಿನಗೆ ಜಾಸ್ತಿ ಭಯ ಯಾವುದರದ್ದು?’ ಎಂದರೆ ಮುಂದುವರಿಯುತ್ತದೆ. ಎರಡು ವಾರ ಬಿಟ್ಟು ಮತ್ತೊಮ್ಮೆ ಕೇಳಿ, ಆದರೆ ‘ಈಗ ಎಲ್ಲ ಸರಿಯಾ?’ ಎಂದಲ್ಲ, ಅದಕ್ಕೆ ‘ಹೂಂ’ ಅಂತಲೇ ಬರುತ್ತದೆ. ‘ಈ ವಾರ ಯಾವ ಆ್ಯಪ್‌ನಲ್ಲಿ ಏನು ಬಂತು?’ ಎಂದು ಕೇಳಿ.